ಭಾನುವಾರದ ಮೋಗ್ಲಿ ಜಪಾನಿನವನು

ನೀವು ನೋಡಿದ ಮೊದಲ ಅನಿಮೆ ಯಾವುದು? ಆಫೀಸಿನಲ್ಲಿ ಊಟದ ಹೊತ್ತಿಗೆ ಈ ಪ್ರಶ್ನೆ ಕೇಳಿ ನೋಡಿ. ಉತ್ತರ ಕೇಳಿದರೆ ಸಾಕು, ವಯಸ್ಸು ಗೊತ್ತಾಗಿಬಿಡುತ್ತೆ. ಈಗಷ್ಟೇ ಕೆಲಸಕ್ಕೆ ಸೇರಿದವರು ‘ಡೆತ್ ನೋಟ್’, ‘ಅಟ್ಯಾಕ್ ಆನ್ ಟೈಟನ್’ ಅಂತಾರೆ. ಮೂವತ್ತರ ಆಸುಪಾಸಿನವರು ಶಾಲೆಯಿಂದ ಬಂದು ಯೂನಿಫಾರ್ಮ್ ಕೂಡ ಬಿಚ್ಚದೆ ನೋಡಿದ ‘ಪೋಕೆಮಾನ್’, ‘ಡ್ರ್ಯಾಗನ್ ಬಾಲ್ ಝಡ್’ ಹೆಸರು ಹೇಳ್ತಾರೆ. ಅವರಿಗಿಂತ ದೊಡ್ಡವರು ‘ಅನಿಮೆ ಗಿನಿಮೆ ಎಲ್ಲ ನಮಗೆ ಗೊತ್ತಿಲ್ಲಪ್ಪ’ ಅಂತ ಮೊಸರನ್ನ ಕಲೆಸುತ್ತಾ ಕೂತಿರ್ತಾರೆ. ಅವರನ್ನ ಸುಮ್ಮನೆ ಬಿಡಬೇಡಿ. ಬಹುಶಃ ಆ ಟೇಬಲ್ಲಿನಲ್ಲಿ ಎಲ್ಲರಿಗಿಂತ ಮೊದಲು ಅನಿಮೆ ನೋಡಿದವರು ಅವರೇ.

ಯಾಕಂದ್ರೆ 1990ರ ದಶಕದಲ್ಲಿ, ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಬರುತ್ತಿದ್ದ ‘ಜಂಗಲ್ ಬುಕ್’ ಜಪಾನಿನದು. ನಿಪ್ಪಾನ್ ಅನಿಮೇಷನ್ ಎಂಬ ಸ್ಟುಡಿಯೋ ಮಾಡಿದ ಆ ಸರಣಿಯ ಜಪಾನಿ ಹೆಸರು ‘ಜಂಗಲ್ ಬುಕ್ ಶೋನೆನ್ ಮೋಗುರಿ’. 1989ರ ಅಕ್ಟೋಬರಿನಿಂದ 1990ರ ಅಕ್ಟೋಬರಿನವರೆಗೆ ಟಿವಿ ಟೋಕಿಯೋದಲ್ಲಿ ಒಟ್ಟು 52 ಕಂತು ಬಂದಿತ್ತು.

ಇದನ್ನು ಹೇಳಿದಾಗ ನಂಬದವರೇ ಹೆಚ್ಚು. ‘ಅದು ನಮ್ಮದೇ ಅಲ್ವಾ? ಗುಲ್ಜಾರ್ ಹಾಡು ಇತ್ತಲ್ಲ?’ ಅಂತಾರೆ. ಹಾಡು ನಮ್ಮದೇ, ಸರಿ. ಹೂವಿಗೆ ಚಡ್ಡಿ ತೊಡಿಸಿದ ಆ ಶೀರ್ಷಿಕೆ ಗೀತೆ ಬರೆದದ್ದು ಗುಲ್ಜಾರ್, ರಾಗ ಹಾಕಿದ್ದು ಆಗಿನ್ನೂ ಹೊಸಬರಾಗಿದ್ದ ವಿಶಾಲ್ ಭಾರದ್ವಾಜ್. ಶೇರ್ ಖಾನ್‌ಗೆ ದನಿ ಕೊಟ್ಟವರು ನಾನಾ ಪಾಟೇಕರ್. ಜಪಾನಿನ ಮಕ್ಕಳು ಈ ಹಾಡು ಕೇಳಿಯೇ ಇಲ್ಲ, ಅವರಿಗೆ ಬೇರೆಯದೇ ಹಾಡಿತ್ತು. ಅಂದರೆ ನಮ್ಮ ನೆನಪಿನಲ್ಲಿ ಗಟ್ಟಿಯಾಗಿ ಉಳಿದ ಭಾಗ ಮೂಲದಲ್ಲಿ ಇರಲೇ ಇಲ್ಲ.

ಯುರೋಪಿನಲ್ಲೂ ಹೀಗೇ ಆಗಿದೆ. ಇದೇ ಸ್ಟುಡಿಯೋ 1975ರಲ್ಲಿ ಜರ್ಮನ್ ಕಥೆಯೊಂದನ್ನು ಹಿಡಿದು ‘ಮಾಯಾ’ ಎಂಬ ಜೇನುಹುಳದ ಸರಣಿ ಮಾಡಿತು. ಜರ್ಮನಿಯಲ್ಲಿ ಅದಕ್ಕೆ ಕರೆಲ್ ಗಾಟ್ ಎಂಬ ಗಾಯಕನ ಹಾಡು ಜೋಡಿಸಿದರು. ಅಲ್ಲಿ ಮಾಯಾ ಅಂದರೆ ಇವತ್ತಿಗೂ ಮೊದಲು ಬಾಯಿಗೆ ಬರುವುದು ಆ ಹಾಡೇ. ಬೇರೆ ದೇಶದ ಮಕ್ಕಳ ಪುಸ್ತಕ ತಗೊಂಡು, ವರ್ಷವಿಡೀ ವಾರಕ್ಕೊಂದು ಕಂತಿನಂತೆ ಹೇಳುವುದು ನಿಪ್ಪಾನ್ ಅನಿಮೇಷನ್‌ನವರಿಗೆ ಕೈಗೆ ಹತ್ತಿದ ಕೆಲಸ.

ಮೋಗ್ಲಿಯ ಪ್ರಯಾಣ ಅದಕ್ಕಿಂತಲೂ ಸುತ್ತುಬಳಸು. ಮುಂಬೈಯಲ್ಲಿ ಹುಟ್ಟಿದ ಕಿಪ್ಲಿಂಗ್, ಅಮೆರಿಕದ ವರ್ಮಾಂಟ್‌ನಲ್ಲಿ ಕೂತು, ಮಧ್ಯಪ್ರದೇಶದ ಸಿವನಿ ಕಾಡಿನ ಕಥೆ ಬರೆದ. ಅದು ಪುಸ್ತಕವಾಗಿ ಬಂದದ್ದು 1894ರಲ್ಲಿ. ಸುಮಾರು ನೂರು ವರ್ಷದ ನಂತರ ಜಪಾನಿನವರು ಅದನ್ನು ಚಿತ್ರ ಮಾಡಿದರು, ಹಿಂದಿಯಲ್ಲಿ ಮಾತು ಕೂರಿಸಿ ದೂರದರ್ಶನ ತೋರಿಸಿತು, ತರೀಕೆರೆಯ ನಮ್ಮ ಮನೆಯ ಕಪ್ಪುಬಿಳುಪು ಟಿವಿಯಲ್ಲಿ ನಾವು ನೋಡಿದೆವು. ಕಾಡು ಮಾತ್ರ ಪೂರ್ತಿ ಸಿವನಿಯದಲ್ಲ. ಮೋಗ್ಲಿಯ ಹಿಂದೆ ಮುಂದೆ ಓಡಾಡುವ ಕಿಚಿ ನೆನಪಿದೆಯಾ? ಅದು ಕೆಂಪು ಪಾಂಡಾ. ಕಿಪ್ಲಿಂಗ್ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಕೆಂಪು ಪಾಂಡಾ ಇರೋದು ಹಿಮಾಲಯದ ಕಡೆ, ಮಧ್ಯಪ್ರದೇಶದ ಬಿಸಿಲಲ್ಲಿ ಅದಕ್ಕೇನು ಕೆಲಸ? ಯಾರಿಗೆ ಬೇಕಿತ್ತು ಆ ಪ್ರಶ್ನೆ. ಮುದ್ದಾಗಿತ್ತು, ಸಾಕು.

ಈಗ ಯೂಟ್ಯೂಬಿನಲ್ಲಿ ಒಂದೆರಡು ಕಂತು ನೋಡಿದರೆ ಅನಿಮೆಯ ಗುರುತು ಎಲ್ಲಾ ಕಡೆ ಕಾಣುತ್ತೆ. ಮೋಗ್ಲಿ ಜಿಗಿದಾಗ ಗಾಳಿಯಲ್ಲೇ ನಿಂತುಬಿಡುತ್ತಾನೆ, ಹಿಂದಿನ ಕಾಡು ಗೆರೆಗೆರೆಯಾಗಿ ಓಡುತ್ತೆ. ಇದು ದುಡ್ಡು ಉಳಿಸುವ ಉಪಾಯ. ಒಂದು ಸೆಕೆಂಡಿಗೆ 24 ಫ್ರೇಮ್ ಬೇಕು. ಡಿಸ್ನಿಯಂಥವರು ಅದಕ್ಕೆ 12ರಿಂದ 24 ಚಿತ್ರ ಬರೆಸುತ್ತಿದ್ದರೆ, ಜಪಾನಿನ ಟಿವಿಯವರು ಸಾಮಾನ್ಯವಾಗಿ ಒಂದೇ ಚಿತ್ರವನ್ನು ಮೂರು ಫ್ರೇಮಿಗೆ ಎಳೆದು, ಎಂಟರಲ್ಲಿ ಮುಗಿಸುತ್ತಿದ್ದರು. 1963ರ ಜನವರಿ 1ರಂದು ಒಸಾಮು ತೆಜುಕಾ ‘ಆಸ್ಟ್ರೋ ಬಾಯ್’ ಶುರುಮಾಡಿದಾಗ ವಾರಕ್ಕೊಂದು ಕಂತು ಕೊಡಲು ಹಿಡಿದ ದಾರಿ ಅದು. ಮುಖ ಹಾಗೇ ಇಟ್ಟು ಬಾಯಿ ಮಾತ್ರ ಆಡಿಸು, ಹೊಡೆದಾಟದ ನಡುವೆ ಚಿತ್ರ ನಿಲ್ಲಿಸು, ಕಣ್ಣನ್ನು ದೊಡ್ಡದು ಮಾಡು. ಬಡತನಕ್ಕೆ ಹುಟ್ಟಿದ್ದು ಆಮೇಲೆ ಶೈಲಿಯಾಯಿತು. ಇನ್ನೊಂದು ವ್ಯತ್ಯಾಸ ಆಗಲೇ ನಮಗೆ ಅರಿವಾಗಿತ್ತು, ಹೇಳೋಕೆ ಬರ್ತಿರಲಿಲ್ಲ ಅಷ್ಟೇ. ಟಾಮ್ ಅಂಡ್ ಜೆರ್ರಿಯಲ್ಲಿ ಏನೇ ಆದರೂ ಮುಂದಿನ ಕಂತಿಗೆ ಎಲ್ಲಾ ಮೊದಲಿನ ಹಾಗೇ. ಮೋಗ್ಲಿ ಹಾಗಲ್ಲ. ಅವನು ಕಲಿಯುತ್ತಿದ್ದ, ಕೊನೆಗೆ ಕಾಡು ಬಿಟ್ಟು ಹೊರಡುತ್ತಿದ್ದ. ಒಂದು ವಾರ ಕರೆಂಟ್ ಹೋದರೆ ಕಥೆ ಕೈ ತಪ್ಪುತ್ತಿತ್ತು.

ಕಥೆ ಅಂದೆ, ಆದರೆ ಹಿಂದಿ ನಮಗೆಲ್ಲಿ ಬರುತ್ತಿತ್ತು? ನಮ್ಮ ಮನೆಗೆ ಇದ್ದದ್ದು ಚಿಕ್ಕಪ್ಪ ಒಬ್ಬರೇ. ಮುಂಬೈಯ ಹೋಟೆಲಿನಲ್ಲಿ ಆರು ವರ್ಷ ದುಡಿದು ಬಂದಿದ್ದರು. ಅವರು ಕುರ್ಚಿ ಎಳೆದುಕೊಂಡು ಕೂತರೆ ಪಕ್ಕದ ಮನೆ ಮಕ್ಕಳೂ ಸುಮ್ಮನಾಗುತ್ತಿದ್ದರು. ಬಘೀರ ಒಂದು ಮಾತಾಡುವುದು, ಚಿಕ್ಕಪ್ಪ ಕನ್ನಡದಲ್ಲಿ ಹೇಳುವುದು, ಅಷ್ಟರಲ್ಲಿ ಬಾಲೂ ಇನ್ನೆರಡು ಮಾತು ಮುಗಿಸಿರುವುದು. ಪುಣ್ಯಕೋಟಿ ಹಾಡು ಕಂಠಪಾಠ ಇದ್ದ ಅಜ್ಜಿಗೆ ಶೇರ್ ಖಾನ್ ಅರ್ಥವೇ ಆಗುತ್ತಿರಲಿಲ್ಲ. ‘ಈ ಹುಲಿಗೆ ಒಂಚೂರೂ ನಾಚ್ಕೆ ಇಲ್ವೇನೋ?’ ಅಂತ ಪ್ರತಿ ವಾರ ಕೇಳೋರು. ‘ಅಮ್ಮ, ಇದು ಹಿಂದಿ ಹುಲಿ’ ಅನ್ನೋರು ಚಿಕ್ಕಪ್ಪ.

ಈಗ ಹಿಂದಿ ಅರ್ಥವಾಗುತ್ತೆ. ಹಳೆಯ ಕಂತು ನೋಡಿದರೆ, ಬಾಲೂ ಹೇಳಿದ್ದ ಅಂತ ನನಗೆ ನೆನಪಿರುವ ಎಷ್ಟೋ ಮಾತು ಅಲ್ಲಿಲ್ಲ! ಚಿಕ್ಕಪ್ಪನಿಗೆ ಫೋನ್ ಮಾಡಿ ಕೇಳಿದೆ. ‘ನಂಗೂ ಪೂರ್ತಿ ಎಲ್ಲಿ ತಿಳೀತಿತ್ತೋ? ಜೋರಾಗಿ ಮಾತಾಡೋರು, ಮ್ಯೂಸಿಕ್ ಬೇರೆ. ನೀವೆಲ್ಲ ಬಾಯಿ ಬಿಟ್ಕೊಂಡು ನನ್ ಮುಖ ನೋಡ್ತಿದ್ರಿ. ಏನಾದ್ರೂ ಹೇಳ್ಬೇಕಲ್ಲ’ ಅಂದರು. ಹಾಗಾಗಿ ನಾನು ನೋಡಿದ ಮೊದಲ ಅನಿಮೆ ಕನ್ನಡದಲ್ಲಿತ್ತು. ಅದರ ಪ್ರತಿ ಎಲ್ಲೂ ಸಿಗಲ್ಲ.

ಆಗ ಬೇರೆ ದಾರಿಯೂ ಇರಲಿಲ್ಲ. ಕನ್ನಡಕ್ಕೆ ಡಬ್ಬಿಂಗ್ ಬೇಡ ಎಂಬ ನಿಲುವು ದಶಕಗಳ ಕಾಲ ನಡೆದುಬಂತು. ನಮ್ಮ ಕಲಾವಿದರ, ತಂತ್ರಜ್ಞರ ಅನ್ನದ ಪ್ರಶ್ನೆ ಅದರ ಹಿಂದೆ ಇತ್ತು, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಮಕ್ಕಳ ಕಾರ್ಟೂನಿಗೂ ಅದೇ ಬೇಲಿ ಯಾಕೆ ಅನ್ನೋದಕ್ಕೆ ನನಗೆ ಇವತ್ತಿಗೂ ಒಪ್ಪುವ ಉತ್ತರ ಸಿಕ್ಕಿಲ್ಲ. 2009ರಲ್ಲಿ ಚಿಂಟು ಟಿವಿ ಬಂದು ಕಾರ್ಟೂನುಗಳು ಕನ್ನಡ ಮಾತಾಡುವ ಹೊತ್ತಿಗೆ, 2005ರಿಂದ ಹಂಗಾಮಾದಲ್ಲಿ ಹಿಂದಿ ಮಾತಾಡುತ್ತಿದ್ದ ಡೋರೇಮಾನ್ ಮನೆಮಗ ಆಗಿಬಿಟ್ಟಿದ್ದ. ಮಕ್ಕಳು ಆಟದಲ್ಲಿ ಜಗಳವಾಡುತ್ತಿದ್ದದ್ದೂ ನೊಬಿತಾನ ಹಿಂದಿಯಲ್ಲಿ. ಡಬ್ಬಿಂಗ್ ತಡೆಯುವುದು ಸರಿಯಲ್ಲ ಅಂತ ಭಾರತೀಯ ಸ್ಪರ್ಧಾ ಆಯೋಗ ಆದೇಶ ಕೊಟ್ಟದ್ದು 2015ರಲ್ಲಿ. ಈಗ ಕ್ರಂಚಿರೋಲ್‌ನಂಥ ಆ್ಯಪ್‌ಗಳು ಹಿಂದಿ, ತಮಿಳು, ತೆಲುಗಿಗೆ ಡಬ್ ಮಾಡುತ್ತಿವೆ. ಬೆಂಗಳೂರಿನಲ್ಲಿ ಇಷ್ಟು ಅಭಿಮಾನಿಗಳಿದ್ದೂ ಕನ್ನಡದ ಆಯ್ಕೆ ಕಾಣದಿದ್ದರೆ, ಕೇಳುವವರು ನಾವೇ ಕಡಿಮೆ ಇದ್ದೀವೇನೋ. ಆ್ಯಪಿನಲ್ಲಿ ಫೀಡ್‌ಬ್ಯಾಕ್ ಕಳಿಸೋಕೆ ಎರಡು ನಿಮಿಷ ಸಾಕು.

2025ರ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕಾಸಲ್’ ಬಂದಾಗ ಬೆಂಗಳೂರಿನ ಮಲ್ಟಿಪ್ಲೆಕ್ಸ್ ಒಂದರಲ್ಲಿ ನೋಡಿದೆ. ಮಾತು ಜಪಾನಿಯದು, ಕೆಳಗೆ ಇಂಗ್ಲಿಷ್ ಅಕ್ಷರ. ಹಿಂದಿನ ಸಾಲಿನಲ್ಲಿ ಕಾಲೇಜು ಹುಡುಗನೊಬ್ಬ ಅಮ್ಮನನ್ನು ಕರ್ಕೊಂಡು ಬಂದಿದ್ದ. ‘ಅವ್ನು ಒಳ್ಳೇವ್ನು ಅಮ್ಮ, ಈಗ ಫ್ಲ್ಯಾಶ್‌ಬ್ಯಾಕ್ ಬರುತ್ತೆ’ ಅಂತ ಪಿಸುಗುಡುತ್ತಲೇ ಇದ್ದ. (ಸಿನಿಮಾ ನೋಡದವರು ಇಲ್ಲಿಗೇ ನಿಲ್ಲಿಸಿ.) ಕೊನೆಯಲ್ಲಿ ಅಕಾಜಾ ಎಂಬ ರಾಕ್ಷಸನಿಗೆ ತಾನು ಮನುಷ್ಯನಾಗಿದ್ದ ಕಾಲ ನೆನಪಾಗಿ, ಹೊಡೆಯಲು ಎತ್ತಿದ ಕೈಯಿಂದ ತನ್ನನ್ನೇ ಹೊಡೆದುಕೊಂಡು ಸಾಯುತ್ತಾನೆ. ಥಿಯೇಟರ್ ನಿಶ್ಶಬ್ದ.

‘ಇದು ನಮ್ ಪುಣ್ಯಕೋಟಿ ಹುಲಿ ಕಣೋ’ ಅಂದರು ಆ ಅಮ್ಮ, ಸ್ವಲ್ಪ ಜೋರಾಗೇ.

‘ಶ್, ಅಮ್ಮ!’