ಎಂಜಿನ್ ಇಲ್ಲದ ವಿಮಾನ ಹೊಲಕ್ಕಿಳಿದರೆ?

ಗಣಪತಿ (ಕೊಯಮತ್ತೂರು): 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಹತ್ತಿರದ ಹೊನ್ನಿಹಾಳ ಗ್ರಾಮದ ಹೊಲದಲ್ಲಿ ಪುಟ್ಟ ತರಬೇತಿ ವಿಮಾನವೊಂದು ತುರ್ತಾಗಿ ಇಳಿಯಿತು. ಒಳಗಿದ್ದ ಇಬ್ಬರೂ ಬದುಕಿಕೊಂಡರು. ಎರಡು ದಿನ ಕಳೆದು, ಜೂನ್ 1ರಂದು, ಚಾಮರಾಜನಗರ ಜಿಲ್ಲೆಯ ಭೋಗಾಪುರದ ಬಳಿ ವಾಯುಪಡೆಯ ತರಬೇತಿ ವಿಮಾನ ಬಿತ್ತು. ಪೈಲಟ್‌ಗಳಿಬ್ಬರೂ ಪ್ಯಾರಾಚೂಟ್ ಮೂಲಕ ಪಾರಾದರು. ಗಡಿ ಭಾಗದ ನಮ್ಮ ಊರುಗಳಿಗೂ ಇಂಥ ಅತಿಥಿ ಎಂದಾದರೂ ಬರಬಹುದು.

ಎಂಜಿನ್ ಕೈಕೊಟ್ಟ ವಿಮಾನಕ್ಕೆ ಹೊಲ ಕೊನೆಯ ದಾರಿ. ಆದರೆ ಎಂಜಿನ್ನೇ ಇಲ್ಲದ ಗ್ಲೈಡರಿಗೆ ಅದು ಆಟದ ಒಂದು ಭಾಗ. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಗಾಳಿಯೇ ಗ್ಲೈಡರಿಗೆ ಆಧಾರ. ಒಳ್ಳೆಯ ಗ್ಲೈಡರ್ 1 ಕಿಲೋಮೀಟರ್ ಎತ್ತರದಿಂದ, ಗಾಳಿ ಶಾಂತವಾಗಿದ್ದರೆ, 40 ಕಿಲೋಮೀಟರ್ ದೂರ ತೇಲಬಲ್ಲದು. ಮೇಲೇಳುವ ಗಾಳಿ ಸಿಗದಿದ್ದರೆ ಇಳಿಯಲೇಬೇಕು. ಮತ್ತೆ ಮೇಲೇರಿ ಇನ್ನೊಮ್ಮೆ ಪ್ರಯತ್ನಿಸುವ ಅವಕಾಶ ಇಲ್ಲ.

ಆದ್ದರಿಂದ ಸುಮಾರು 300 ಮೀಟರ್ ಎತ್ತರಕ್ಕೆ ಬರುವಷ್ಟರಲ್ಲಿ ಯಾವ ಹೊಲ ಎಂಬುದು ತೀರ್ಮಾನವಾಗಿರಬೇಕು. ಆಸೆಯಿಂದ ಇನ್ನೂ ಗಾಳಿ ಹುಡುಕುತ್ತಾ ತಡಮಾಡಿ, ಕೆಳಮಟ್ಟದಲ್ಲಿ ನಿಧಾನ ವೇಗದಲ್ಲಿ ಗಕ್ಕನೆ ತಿರುಗಿಸಿದರೆ ಗ್ಲೈಡರ್ ಸುತ್ತುತ್ತಾ ಕೆಳಗೆ ಬೀಳುತ್ತದೆ. ಹೊಲದ ದೋಷಕ್ಕಿಂತ ಈ ತಡವೇ ಹೆಚ್ಚು ಅಪಾಯಕಾರಿ.

ನೆಲದ ಮೇಲಿನ ಅಪಾಯಗಳು ನಮ್ಮ ರೈತರಿಗೆ ಗೊತ್ತಿರುವಂಥವೇ. ಪಂಪ್‌ಸೆಟ್‌ಗೆ ಎಳೆದ ವಿದ್ಯುತ್ ತಂತಿ ಮೇಲಿನಿಂದ ಕಾಣುವುದಿಲ್ಲ. ಪೈಲಟ್ ಕಂಬಗಳನ್ನು ನೋಡಿ ತಂತಿಯನ್ನು ಊಹಿಸಬೇಕು. ಕೊಯಮತ್ತೂರು ಸೀಮೆಯ ತೆರೆದ ದೊಡ್ಡ ಬಾವಿಗಳು, ಪೊಳ್ಳಾಚಿಯ ತೆಂಗಿನ ತೋಟಗಳು, ಉಡುಮಲೈ ಕಡೆಯ ಗಾಳಿಯಂತ್ರಗಳು ಬೇರೆ. ಎತ್ತರದ ಪೈರಿಗೆ ರೆಕ್ಕೆಯ ತುದಿ ಸಿಕ್ಕಿದರೆ ಗ್ಲೈಡರ್ ಗಿರಕಿ ಹೊಡೆದು ಬಾಲ ಮುರಿಯಬಹುದು.

ಗಾಳಿಯ ಲೆಕ್ಕವೂ ಮುಖ್ಯ. ಮುಂಗಾರಿನಲ್ಲಿ ಪಾಲಕ್ಕಾಡ್ ಕಣಿವೆಯಿಂದ ಪಶ್ಚಿಮದ ಗಾಳಿ ರಭಸವಾಗಿ ನುಗ್ಗುವುದು ಇಲ್ಲಿಯವರಿಗೆಲ್ಲ ಗೊತ್ತು. ಗಾಳಿಯಲ್ಲಿ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿರುವ ಗ್ಲೈಡರ್, 20 ಕಿಲೋಮೀಟರ್ ಗಾಳಿಗೆ ಎದುರಾಗಿ ಇಳಿದರೆ ನೆಲ ಮುಟ್ಟುವ ವೇಗ 70. ಗಾಳಿ ಹಿಂದಿನಿಂದ ಬಂದರೆ 110! ಆಗ ಹೊಡೆತದ ಶಕ್ತಿ ಸುಮಾರು ಎರಡೂವರೆ ಪಟ್ಟು.

ಊರವರು ಏನು ಮಾಡಬೇಕು? ಗ್ಲೈಡರ್ ಸದ್ದಿಲ್ಲದೆ ಬರುತ್ತದೆ. ನೋಡಲೆಂದು ಹೊಲದ ನಡುವಿಗೆ ಓಡಬೇಡಿ. ಮಕ್ಕಳನ್ನೂ ದನಕರುಗಳನ್ನೂ ಬದಿಗೆ ಸರಿಸಿ. ಅದು ಪೂರ್ತಿ ನಿಲ್ಲುವ ತನಕ ದೂರವಿರಿ. ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ ವಿದ್ಯುತ್ ಇಲಾಖೆಗೆ ತಿಳಿಸಿ. ಗಾಯವಾಗಿದ್ದರೆ 112ಕ್ಕೆ ಕರೆ ಮಾಡಿ. ಈ ಸಂಖ್ಯೆ ಗಡಿಯ ಆಚೆಗೂ ಈಚೆಗೂ ಒಂದೇ. ಪೈಲಟ್ ಹೇಳದೆ ರೆಕ್ಕೆ ಹಿಡಿದು ಎತ್ತಬೇಡಿ, ಬಿಡಿಭಾಗ ಮುಟ್ಟಬೇಡಿ. ಬೆಳೆ ಹಾಳಾಗಿದ್ದರೆ ಫೋಟೊ ತೆಗೆದಿಟ್ಟುಕೊಂಡು, ಪೊಲೀಸರ ಮುಂದೆ ಪರಿಹಾರದ ಮಾತಾಡಿ.

ಆಕಾಶದಿಂದ ಬಂದವನಿಗೆ ಭಾಷೆ ತಿಳಿಯದಿದ್ದರೂ ಚಿಂತೆಯಿಲ್ಲ. ಎರಡು ಭಾಷೆಯಲ್ಲಿ ಬಾಳುವ ನಮಗೆ ಒಂದು ಲೋಟ ನೀರು ಕೊಡಲು ಮೂರನೆಯದು ಬೇಕಾಗಿಲ್ಲ.