ಉಣುಗು ಹೆಕ್ಕಿದ ಹುಲ್ಲುಗಾವಲು

ಸಂಜೆ ದನ ಕೊಟ್ಟಿಗೆಗೆ ಬಂದಮೇಲೆ ನಮ್ಮಜ್ಜಿ ಬುಡ್ಡಿ ದೀಪ ಇಟ್ಟುಕೊಂಡು ಕೂರುತ್ತಿದ್ದಳು. ಕಿವಿಯೊಳಗೆ, ಗಂಗೆದೊಗಲಿನ ಮಡಿಕೆಯಲ್ಲಿ, ಕೆಚ್ಚಲ ಸಂದಿಯಲ್ಲಿ ಕಚ್ಚಿಕೊಂಡಿದ್ದ ಉಣುಗನ್ನು ಒಂದೊಂದಾಗಿ ಕಿತ್ತು ಸೀಮೆಎಣ್ಣೆಗೆ ಹಾಕುವುದು ಅವಳ ನಿತ್ಯದ ಕೆಲಸ. 1889ರ ಬೇಸಗೆಯಲ್ಲಿ ಅಮೆರಿಕದ ವಾಷಿಂಗ್ಟನ್ ಪಕ್ಕದ ಸರ್ಕಾರಿ ಪ್ರಯೋಗ ಕೇಂದ್ರದಲ್ಲಿಯೂ ಕೆಲವರು ಇದೇ ಕೆಲಸಕ್ಕೆ ಕೂತಿದ್ದರೆಂದು ಓದಿದಾಗ ನನಗೆ ಅವಳ ಬೆರಳುಗಳೇ ನೆನಪಾದವು.

ಅವರ ಮುಂದಿದ್ದದ್ದು ‘ಟೆಕ್ಸಸ್ ಜ್ವರ’ದ ಒಗಟು. ಅಮೆರಿಕದ ಅಂತರ್ಯುದ್ಧ ಮುಗಿದಮೇಲೆ ಟೆಕ್ಸಸ್‌ನ ದನಗಾಹಿಗಳು ಉದ್ದ ಕೊಂಬಿನ ದನಗಳ ದೊಡ್ಡ ದೊಡ್ಡ ಮಂದೆಗಳನ್ನು ಉತ್ತರದ ಮಾರುಕಟ್ಟೆಗಳಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಮಂದೆ ಹಾದುಹೋದ ದಾರಿಯಲ್ಲಿ ಸ್ಥಳೀಯ ದನಗಳಿಗೆ ಜ್ವರ ಬಂದು, ಮೂತ್ರ ಕೆಂಪಗಾಗಿ, ಅವು ಸಾಯುತ್ತಿದ್ದವು. 1868ರಲ್ಲಿ ಇಲಿನಾಯ್ಸ್ ಮತ್ತು ಇಂಡಿಯಾನಾದ ರೈತರು ಇದರಿಂದ ಅಪಾರ ನಷ್ಟ ಅನುಭವಿಸಿದರು. ವಿಚಿತ್ರವೆಂದರೆ ರೋಗ ತಂದ ಟೆಕ್ಸಸ್‌ ದನಗಳು ಗಟ್ಟಿಮುಟ್ಟಾಗಿಯೇ ಇರುತ್ತಿದ್ದವು. ಅವು ಬಂದ ದಿನವೇ ರೋಗ ಹರಡುತ್ತಿರಲಿಲ್ಲ. ತಿಂಗಳು ಕಳೆದು, ಕೆಲವೊಮ್ಮೆ ಅವು ಆ ಊರು ಬಿಟ್ಟು ಹೋದಮೇಲೆ, ಅವು ಮೇದ ಹುಲ್ಲಿನಲ್ಲಿ ಮೇದ ದನಗಳು ಬೀಳುತ್ತಿದ್ದವು. ಚಳಿಗಾಲದ ಹಿಮ ಬಿದ್ದರೆ ಎಲ್ಲವೂ ತಣ್ಣಗಾಗುತ್ತಿತ್ತು.

ಉತ್ತರದವರು ಗಡಿ ಮುಚ್ಚಿದರು. 1885ರಲ್ಲಿ ಕ್ಯಾನ್ಸಸ್ ರಾಜ್ಯ ಕಾನೂನನ್ನೇ ತಂದು ಟೆಕ್ಸಸ್ ದನಗಳನ್ನು ತಡೆಯಿತು. ಕೊಳ್ಳುವವರ ಊರಿನ ಬಾಗಿಲೇ ಮುಚ್ಚಿದಮೇಲೆ ದನ ಮಾರುವುದು ಯಾರಿಗೆ? ಜಾನುವಾರು ಮಾರಾಟದ ಚರಿತ್ರೆ ಬರೆಯುವವರು ಬೆಲೆಗಳನ್ನು ಲೆಕ್ಕ ಹಾಕುತ್ತಾರೆ. ಈ ಕತೆಯಲ್ಲಿ ಬೆಲೆ ಕಟ್ಟಿದ್ದು ಉಣುಗು.

ರೋಗಕ್ಕೆ ಉಣುಗೇ ಕಾರಣವೆಂದು ದನಗಾಹಿಗಳು ಆಗಲೇ ಹೇಳುತ್ತಿದ್ದರು. ಪಂಡಿತರು ಅದನ್ನು ಮಾತಿಗೂ ತೆಗೆದುಕೊಳ್ಳಲಿಲ್ಲ. ಉಸಿರು, ಜೊಲ್ಲು, ಸಗಣಿ ಎಂದು ಕಾರಣ ಹುಡುಕುತ್ತಿದ್ದರು. ಆ ಮಾತಿಗೆ ಕಿವಿಗೊಟ್ಟವರು ಕೇಂದ್ರ ಸರ್ಕಾರದ ಪಶು ಇಲಾಖೆಯಲ್ಲಿದ್ದ ತರುಣ ವೈದ್ಯ ಥಿಯೊಬಾಲ್ಡ್ ಸ್ಮಿತ್ ಮತ್ತು ಪಶುವೈದ್ಯ ಎಫ್. ಎಲ್. ಕಿಲ್ಬೋರ್ನ್. ಉತ್ತರ ಕ್ಯಾರೊಲಿನಾದಿಂದ ಉಣುಗು ಹತ್ತಿದ ದನಗಳನ್ನು ತರಿಸಿ, ಬೇಲಿ ಹಾಕಿದ ಗಾವಲುಗಳಲ್ಲಿ ಸ್ಥಳೀಯ ದನಗಳ ಜೊತೆ ಬಿಟ್ಟರು. ಒಂದು ಕಡೆ ಉಣುಗನ್ನು ಹಾಗೆಯೇ ಬಿಟ್ಟರು. ಇನ್ನೊಂದು ಕಡೆ ಮೈಮೇಲಿನ ಉಣುಗನ್ನೆಲ್ಲ ಕೈಯಿಂದ ಹೆಕ್ಕಿ ತೆಗೆದರು. ಮತ್ತೊಂದರಲ್ಲಿ ಕ್ಯಾರೊಲಿನಾದ ದನವೇ ಇಲ್ಲ, ಹುಲ್ಲಿನ ಮೇಲೆ ಬರೀ ಉಣುಗು ಚೆಲ್ಲಿದ್ದರು. ಹೆಕ್ಕಿದ ಗಾವಲಿನ ದನಗಳು ಉಳಿದವು. ಉಣುಗು ಇದ್ದ ಎರಡೂ ಕಡೆ ದನಗಳು ಜ್ವರಕ್ಕೆ ಬಿದ್ದವು.

ತಿಂಗಳ ತಡವೇಕೆ ಎಂಬುದಕ್ಕೆ ಉತ್ತರ ಉಣುಗಿನ ಬಾಳಿನಲ್ಲಿತ್ತು. ರಕ್ತ ಕುಡಿದು ಉಬ್ಬಿದ ಹೆಣ್ಣುಣುಗು ನೆಲಕ್ಕೆ ಉದುರಿ ಮೊಟ್ಟೆಯಿಟ್ಟು ಸಾಯುತ್ತದೆ. ಸುಮಾರು ಮೂರು ವಾರಕ್ಕೆ ಮರಿ ಹೊರಬಂದು ಹುಲ್ಲಿನ ತುದಿಗೇರಿ ದನಕ್ಕಾಗಿ ಕಾಯುತ್ತದೆ. ತಾಯಿ ಕುಡಿದ ರಕ್ತದಲ್ಲಿದ್ದ ರೋಗಾಣು ಮೊಟ್ಟೆಯ ಮೂಲಕ ಮರಿಗೂ ಬಂದಿರುತ್ತದೆ. ಸ್ಮಿತ್ ಪ್ರಯೋಗಾಲಯದಲ್ಲಿ ಮರಿ ಮಾಡಿಸಿದ ಉಣುಗನ್ನು ದನದ ಮೈಮೇಲೆ ಬಿಟ್ಟು ರೋಗ ತರಿಸಿ ತೋರಿಸಿದರು. ಕೆಂಪು ರಕ್ತಕಣದೊಳಗೆ ಜೋಡಿ ಜೋಡಿಯಾಗಿ ಕೂತ ಪೇರಲೆಯಾಕಾರದ ಜೀವಿಯನ್ನು ಸೂಕ್ಷ್ಮದರ್ಶಕದಡಿ ಅವರು ಅದಕ್ಕೂ ಮೊದಲೇ ಕಂಡಿದ್ದರು. ಉಣುಗಿನ ಬಾಳನ್ನು ಹಂತ ಹಂತವಾಗಿ ಬಿಡಿಸಿಟ್ಟವರು ಕೂಪರ್ ಕರ್ಟಿಸ್. 1893ರಲ್ಲಿ ಅಚ್ಚಾದ ವರದಿಯ ಮೇಲೆ ಇದ್ದದ್ದು ಸ್ಮಿತ್, ಕಿಲ್ಬೋರ್ನ್ ಹೆಸರು ಮಾತ್ರ. ಕರ್ಟಿಸ್ ಹೆಸರೂ ಅಲ್ಲಿರಬೇಕಿತ್ತು ಎಂದೇ ನನಗನ್ನಿಸುತ್ತದೆ. ಇಷ್ಟಾದ ನಾಲ್ಕು ವರ್ಷಕ್ಕೆ, 1897ರಲ್ಲಿ, ನಮ್ಮ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಸುಳಿವು ಹಿಡಿದರು.

ಶತ್ರು ಯಾರೆಂದು ಗೊತ್ತಾದಮೇಲೆ ಎರಡು ದಾರಿಗಳಿದ್ದವು. ಒಂದು, ದನಗಳನ್ನು ಔಷಧದ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಉಣುಗನ್ನು ಕೊಲ್ಲುವುದು. 1906ರಲ್ಲಿ ಸರ್ಕಾರ ಅದನ್ನು ದೇಶದ ಕಾರ್ಯಕ್ರಮವಾಗಿ ಶುರು ಮಾಡಿತು. ಇನ್ನೊಂದು, ಉಣುಗಿಗೆ ಸುಲಭವಾಗಿ ಸೋಲದ ದನವನ್ನೇ ಹುಡುಕುವುದು. ಅಂಥ ದನ ನಮ್ಮಲ್ಲಿತ್ತು. ಗಿಡ್ಡ ನುಣುಪು ಕೂದಲು, ನೊಣ ಕೂತರೆ ಅಲುಗಿಸಿ ಓಡಿಸುವ ಸಡಿಲ ಚರ್ಮ, ಬಿಸಿಲಿಗೆ ಬಾಗದ ಮೈ.

1854ರಲ್ಲೇ ಲೂಸಿಯಾನಾದ ರಿಚರ್ಡ್ ಬ್ಯಾರೋ ಎಂಬ ತೋಟಗಾರನಿಗೆ ಬ್ರಿಟಿಷ್ ಸರ್ಕಾರ ಭಾರತದ ಎರಡು ಹೋರಿಗಳನ್ನು ಉಡುಗೊರೆ ಕೊಟ್ಟಿತ್ತು. ಹತ್ತಿ, ಕಬ್ಬಿನ ಬೇಸಾಯ ಹೇಳಿಕೊಟ್ಟದ್ದಕ್ಕೆ ಅದು ಪ್ರತಿಫಲ. ಟೆಕ್ಸಸ್‌ನ ಹೆಸರಾಂತ ದನದೊಡೆಯ ‘ಶಾಂಘೈ’ ಪಿಯರ್ಸ್‌ಗೆ ಡುಬ್ಬದ ದನಗಳ ಉಣುಗು ನಿರೋಧದ ಮೇಲೆ ನಂಬಿಕೆಯಿತ್ತು. ಆತ 1900ರಲ್ಲಿ ತೀರಿಕೊಂಡ. ಅವನ ಸೋದರಳಿಯ ಎ. ಪಿ. ಬೋರ್ಡನ್ ಸ್ವತಃ ಭಾರತಕ್ಕೆ ಬಂದು ದನ ಆರಿಸಿಕೊಂಡು 1906ರಲ್ಲಿ ಹಡಗಿನಲ್ಲಿ ಕರೆದೊಯ್ದ. ನ್ಯೂಯಾರ್ಕ್ ಹತ್ತಿರ ಅವನ್ನು ಪ್ರತ್ಯೇಕವಾಗಿಟ್ಟು ಪರೀಕ್ಷಿಸಿದಾಗ ಕೆಲವಕ್ಕೆ ಸರ್ರಾ ರೋಗ ಕಂಡು, ಅವನ್ನು ಕೊಲ್ಲಬೇಕಾಯಿತು. ಉಳಿದು ಟೆಕ್ಸಸ್ ಸೇರಿದ್ದು 30 ಹೋರಿ, 3 ಹಸು. ಮುಂದೆ 1920ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ಬೆಳೆದ ಭಾರತೀಯ ಮೂಲದ ಹೋರಿಗಳು ಮೆಕ್ಸಿಕೋ ದಾರಿಯಾಗಿ ಬಂದವು.

ಡುಬ್ಬ ಇರುವುದೆಲ್ಲ ಶುದ್ಧ ತಳಿಯಲ್ಲ. ಕೊಳ್ಳುವವನು ಹೋರಿಯ ಅಪ್ಪ ಅಮ್ಮ ಯಾರೆಂದು ಕೇಳುತ್ತಾನೆ. ಆ ಪ್ರಶ್ನೆಗೆ ಉತ್ತರ ಹೇಳುವ ಪುಸ್ತಕ ಬೇಕು. 1924ರಲ್ಲಿ ಹ್ಯೂಸ್ಟನ್‌ನಲ್ಲಿ ಸಾಕಣೆದಾರರು ಸೇರಿ ಅಮೆರಿಕನ್ ಬ್ರಾಹ್ಮನ್ ಬ್ರೀಡರ್ಸ್ ಅಸೋಸಿಯೇಷನ್ ಕಟ್ಟಿ ವಂಶಾವಳಿ ಬರೆಯತೊಡಗಿದರು. ಅದರ ಮೊದಲ ಕಾರ್ಯದರ್ಶಿ ಜೆ. ಡಬ್ಲ್ಯು. ಸಾರ್ಟ್‌ವೆಲ್ ಸೂಚಿಸಿದ ‘ಬ್ರಾಹ್ಮನ್’ ಎಂಬ ಹೆಸರೇ ತಳಿಗೆ ನಿಂತಿತು. ಅಂದಿನಿಂದ ಹೋರಿ ಮಾರಾಟಕ್ಕೆ ಬಂದರೆ ಅದರ ಜೊತೆ ಒಂದು ಕಾಗದವೂ ಬರುತ್ತಿತ್ತು.

ಸಂಘದ ಲೆಕ್ಕದಲ್ಲಿ ಆ ದೇಶಕ್ಕೆ ಬಂದ ಮೂಲ ದನಗಳು 266 ಹೋರಿ, 22 ಹಸು, ಅಷ್ಟೇ. ತಳಿಯ ಬೇರುಗಳೆಂದು ಸಂಘ ಹೆಸರಿಸುವುದು ಕಾಂಕ್ರೇಜ್, ಓಂಗೋಲ್, ಗಿರ್, ಜೊತೆಗೆ ಸ್ವಲ್ಪ ಮಟ್ಟಿಗೆ ಕೃಷ್ಣಾ ಕಣಿವೆ. ಕೃಷ್ಣಾ ಕಣಿವೆ ಎಂದರೆ ನಮ್ಮ ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಎರೆಹೊಲದಲ್ಲಿ ನೇಗಿಲು ಎಳೆದ ದೊಡ್ಡ ಮೈಯ ಎತ್ತು. ಅಮೆರಿಕದ ವಂಶಾವಳಿಯಲ್ಲಿ ಅದಕ್ಕೊಂದು ಜಾಗವಿದೆ. ಕೃಷ್ಣೆಯ ದಂಡೆಯಲ್ಲಿ ಮಾತ್ರ ಅಂಥ ಜೋಡಿಯನ್ನು ಇಂದು ಹುಡುಕಿಕೊಂಡು ಹೋಗಬೇಕು.