ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕಡೆಯ ವರ್ಷದ ಸಾಧನಗಳೂ ನಮ್ಮ ಗ್ರಾಮಗಳ ಪಂಪುಸೆಟ್ಟುಗಳೂ

ನಮ್ಮ ನಾಡಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವಿದ್ಯುತ್, ಎಲೆಕ್ಟ್ರಾನಿಕ್ಸ್ ಮತ್ತು ಕಂಪ್ಯೂಟರ್ ಶಾಖೆಗಳಲ್ಲಿ ಓದುವ ವಿದ್ಯಾರ್ಥಿಗಳು ಪದವಿಯನ್ನು ಪಡೆಯುವುದಕ್ಕೆ ಮುಂಚೆ, ಮೂವರು ನಾಲ್ವರು ಒಟ್ಟುಗೂಡಿ, ಯಾವುದಾದರೂ ಒಂದು ಉಪಯುಕ್ತವಾದ ಸಾಧನವನ್ನು ತಾವೇ ಯೋಚಿಸಿ ರಚಿಸಿ ಪರೀಕ್ಷಕರ ಮುಂದೆ ನಡೆಸಿ ತೋರಿಸತಕ್ಕದ್ದೆಂಬ ನಿಯಮವಿರುವುದು. ಇದನ್ನು ನಮ್ಮಲ್ಲಿ ‘ಪ್ರಾಜೆಕ್ಟು’ ಎಂದು ಕರೆಯುವರು. ಅಮೆರಿಕಾ ದೇಶದಲ್ಲಿ ಇದಕ್ಕೆ ಕಟ್ಟಡದ ನೆತ್ತಿಯ ಮೇಲೆ ಕಟ್ಟಕಡೆಗೆ ಕೂರಿಸುವ ಕಲ್ಲಿನ ಹೆಸರನ್ನು ಇಟ್ಟಿರುವರು. ಗೋಪುರಕ್ಕೆ ಕಲಶವಿದ್ದಂತೆ ನಾಲ್ಕು ವರ್ಷಗಳ ವಿದ್ಯಾಭ್ಯಾಸಕ್ಕೆ ಇದೆಂಬುದು ಅದರ ತಾತ್ಪರ್ಯ.

ಕಾಲೇಜಿನ ಪರೀಕ್ಷೆಯ ವಿಷಯವು ವ್ಯವಸಾಯದ ಪತ್ರಿಕೆಯಲ್ಲೇಕೆ ಎಂದು ವಾಚಕರು ಕೇಳಬಹುದು. ಈ ಪ್ರಾಜೆಕ್ಟುಗಳಲ್ಲಿ ಬಹಳಷ್ಟು ನಮ್ಮ ಹೊಲಗದ್ದೆಗಳನ್ನೇ ಕುರಿತವುಗಳಾಗಿರುವುವು. ಮಣ್ಣಿನ ತೇವವನ್ನು ಅಳೆದು ತಾನಾಗಿಯೇ ನೀರು ಬಿಡುವ ಸಾಧನ, ಮೊಬೈಲ್ ಫೋನಿನಿಂದ ಪಂಪನ್ನು ನಡೆಸುವ ಸಾಧನ, ಎಲೆಯ ಚಿತ್ರವನ್ನು ನೋಡಿ ರೋಗವನ್ನು ಹೇಳುವ ಸಾಧನ, ಕಾಡುಹಂದಿಯನ್ನು ಬೆದರಿಸುವ ಸಾಧನ ಮುಂತಾದುವು ವರ್ಷವರ್ಷವೂ ತಯಾರಾಗುತ್ತಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು 1977ರಿಂದಲೂ ಇಂತಹ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಸಹಾಯಧನವನ್ನು ಕೊಟ್ಟು, ಉತ್ತಮವಾದುವುಗಳ ಪ್ರದರ್ಶನವನ್ನೂ ಏರ್ಪಡಿಸುತ್ತ ಬಂದಿರುವುದು. ವಿದ್ಯಾರ್ಥಿಗಳಲ್ಲಿ ಅನೇಕರು ಒಕ್ಕಲು ಮನೆತನದ ಮಕ್ಕಳೇ. ತಂದೆಯು ನಡುರಾತ್ರಿಯಲ್ಲಿ ಕರೆಂಟು ಬಂದಾಗ ಬ್ಯಾಟರಿ ಹಿಡಿದು ತೋಟಕ್ಕೆ ಹೋಗುವುದನ್ನು ಕಂಡವರೇ ಅಂತಹ ಸಾಧನವನ್ನು ಕಲ್ಪಿಸುವುದು ಸಹಜವಾಗಿದೆ.

ಹೀಗಿದ್ದರೂ ಈ ಸಾಧನಗಳಲ್ಲಿ ಜಮೀನಿನ ಮೇಲೆ ನಿಂತು ಎರಡು ಮಳೆಗಾಲಗಳನ್ನು ಕಂಡವು ವಿರಳ. ಇದಕ್ಕೆ ಹುಡುಗರ ಬುದ್ಧಿಯ ಕೊರತೆಯು ಕಾರಣವಲ್ಲ. ಪರೀಕ್ಷೆಯ ಕೊಠಡಿಯಲ್ಲಿ ಮೇಜಿನ ಮೇಲೆ ಒಂದು ಹೂವಿನ ಕುಂಡ, ಅದರಲ್ಲಿ ಚುಚ್ಚಿದ ಎರಡು ಕಡ್ಡಿ, ಹನ್ನೆರಡು ವೋಲ್ಟಿನ ಆಟಿಕೆಯಂತಹ ಪಂಪು ಇಷ್ಟೇ ಇರುವುದು. ಮಣ್ಣು ಒಣಗಿದರೆ ನೀರು ಹರಿಯುವುದು, ನೆನೆದರೆ ನಿಲ್ಲುವುದು. ಪರೀಕ್ಷಕರು ಸಂತೋಷಪಟ್ಟು ಅಂಕ ಕೊಡುವರು. ಹುಡುಗರು ಕೆಲಸ ಹುಡುಕಿಕೊಂಡು ಹೊರಡುವರು. ಸಾಧನದ ಭಾಗಗಳನ್ನು ಬಿಚ್ಚಿ ಮುಂದಿನ ತಂಡಕ್ಕೆ ಕೊಡುವುದೂ ಉಂಟು. ಅದು ನಿಜವಾದ ಪಂಪುಸೆಟ್ಟನ್ನು ಒಂದು ದಿನವೂ ನೋಡಿರುವುದಿಲ್ಲ. ಈ ಕೊರತೆಯನ್ನು ತುಂಬತಕ್ಕವರು ಗ್ರಾಮದವರು. ಅದರಲ್ಲಿಯೂ ಊರಿನ ಯಜಮಾನರಿಗೂ ಜಮೀನುದಾರರಿಗೂ ಮಾತ್ರ ಸಾಧ್ಯವಾದ ಒಂದು ಕಾರ್ಯವಿದೆಯೆಂಬುದನ್ನು ತಿಳಿಸುವುದಕ್ಕಾಗಿಯೇ ಈ ಲೇಖನವನ್ನು ಬರೆದಿದೆ.

ಮೊದಲು ಪಂಪಿನ ವಿಷಯ. ಐದು ಹೆಚ್‌ಪಿಯ ತ್ರೀ ಫೇಸ್ ಮೋಟಾರು ನಡೆಯುವಾಗ ಸುಮಾರು ಏಳೆಂಟು ಆಂಪಿಯರ್ ವಿದ್ಯುತ್ತನ್ನು ಎಳೆಯುವುದು. ಆದರೆ ನೇರವಾಗಿ ಸ್ಟಾರ್ಟ್ ಮಾಡಿದ ಕ್ಷಣದಲ್ಲಿ ಅದರ ಐದರಿಂದ ಏಳರಷ್ಟನ್ನು ಎಳೆಯುವುದು. ಹುಡುಗರು ಸಾಮಾನ್ಯವಾಗಿ ಉಪಯೋಗಿಸುವ ಅರ್ಡುವಿನೋ ಹಲಗೆಯು ಐದು ವೋಲ್ಟಿನಲ್ಲಿ ನಡೆಯತಕ್ಕ ಸಣ್ಣ ಕಂಪ್ಯೂಟರು. ಇದು 2005ರಲ್ಲಿ ಇಟಲಿ ದೇಶದ ಇವ್ರೆಯಾ ಪಟ್ಟಣದ ಶಾಲೆಯೊಂದರಲ್ಲಿ ವಿದ್ಯಾರ್ಥಿಗಳ ಕಲಿಕೆಗಾಗಿಯೇ ಹುಟ್ಟಿತು. ಬಾವಿಯ ದಡಕ್ಕಾಗಿ ಹುಟ್ಟಿದುದಲ್ಲ. ಅದರ ಜೊತೆಗೆ ಬರುವ ಸಕ್ಕರೆಯ ಅಚ್ಚಿನಷ್ಟು ಗಾತ್ರದ ರಿಲೇಯು ಮೋಟಾರನ್ನು ನೇರವಾಗಿ ಹೊರಲಾರದು. ಅದು ಸ್ಟಾರ್ಟರಿನೊಳಗಿನ ಕಾಯಿಲನ್ನು ಮಾತ್ರ ಎಳೆಯಬೇಕು. ಮೋಟಾರಿನ ಭಾರವನ್ನು ಸ್ಟಾರ್ಟರೇ ಹೊರಬೇಕು. ಮೂರು ಫೇಸುಗಳಲ್ಲಿ ಒಂದು ಹೋದರೆ ನಿಲ್ಲಿಸುವ, ಬಾವಿಯಲ್ಲಿ ನೀರು ಮುಗಿದರೆ ನಿಲ್ಲಿಸುವ ರಕ್ಷಣೆಗಳು ಯಥಾಪ್ರಕಾರ ಇರತಕ್ಕದ್ದು. ಸಾಧನವು ಈ ರಕ್ಷಣೆಗಳನ್ನು ದಾಟಿ ಮೋಟಾರನ್ನು ನಡೆಸುವಂತೆ ರಚಿತವಾಗಿದ್ದರೆ, ಮೋಟಾರು ಸುಟ್ಟು ರಿವೈಂಡಿಂಗ್ ಖರ್ಚು ಬೀಳುವುದು ಜಮೀನುದಾರನ ತಲೆಯ ಮೇಲೆ.

ಇದಕ್ಕಿಂತ ಮುಖ್ಯವಾದುದು ಪ್ರಾಣರಕ್ಷಣೆ. ದೂರದಿಂದ ನಡೆಯುವ ಪಂಪಿನಲ್ಲಿ ಒಂದು ಅಪಾಯವಿದೆ. ಆಳು ಪೈಪನ್ನು ಬಿಚ್ಚುತ್ತಲೋ ವೈರನ್ನು ಜೋಡಿಸುತ್ತಲೋ ಇರುವಾಗ ಮನೆಯಲ್ಲಿದ್ದವರು ಫೋನನ್ನು ಒತ್ತಿದರೆ ಏನಾಗುವುದೆಂದು ವಿವರಿಸಬೇಕಾದುದಿಲ್ಲ. ಆದುದರಿಂದ ಪಂಪಿನ ಬಳಿಯಲ್ಲಿಯೇ ಕೈಯಿಂದ ತಿರುಗಿಸುವ ಮೆಯಿನ್ ಸ್ವಿಚ್ಚು ಇರಬೇಕು. ಅದನ್ನು ಆರಿಸಿದ ಮೇಲೆ ಫೋನಿನಿಂದಾಗಲಿ ಕಂಪ್ಯೂಟರಿನಿಂದಾಗಲಿ ಪಂಪು ಯಾವ ಕಾರಣಕ್ಕೂ ನಡೆಯಕೂಡದು. ಇದಿಲ್ಲದ ಸಾಧನವನ್ನು, ತಂದವರು ತಮ್ಮ ಸ್ವಂತ ಮಗನೇ ಆಗಿದ್ದರೂ, ಬಾವಿಯ ಬಳಿ ಕೂರಿಸಲು ಒಪ್ಪಬಾರದು.

ಇನ್ನು ಮಣ್ಣಿನ ತೇವ. ಎರಡು ಲೋಹದ ಕಡ್ಡಿಗಳ ನಡುವೆ ವಿದ್ಯುತ್ತನ್ನು ಹರಿಸಿ ತೇವವನ್ನು ತಿಳಿಯುವ ಅಗ್ಗದ ಸಾಧನವು, ಎಡೆಬಿಡದೆ ವಿದ್ಯುತ್ತು ಹರಿಯುತ್ತಿದ್ದರೆ, ಕೆಲವೇ ವಾರಗಳಲ್ಲಿ ಕಡ್ಡಿ ಸವೆದು ಸುಳ್ಳು ಹೇಳತೊಡಗುವುದು. ಗೊಬ್ಬರದ ಲವಣವೂ ಅದರ ಲೆಕ್ಕವನ್ನು ಕೆಡಿಸುವುದು. ಲೋಹವು ಮಣ್ಣಿಗೆ ತಾಗದಂತೆ ರಚಿಸಿರುವ ಇನ್ನೊಂದು ಬಗೆಯದು ಇದಕ್ಕಿಂತ ಬಾಳಿಕೆ ಬರುವುದು. ಆದರೆ ಯಾವ ಬಗೆಯದಾದರೂ ಎಲ್ಲ ಮಣ್ಣಿಗೂ ಒಂದೇ ಅಳತೆಯು ಸಲ್ಲದು. ಪರಿಮಾಣದಲ್ಲಿ ನೂರಕ್ಕೆ 20ರಷ್ಟು ನೀರು ಮರಳು ಮಿಶ್ರಿತ ಕೆಂಪುಮಣ್ಣಿನಲ್ಲಿ ಪೈರಿಗೆ ಸಾಕಾಗುವುದು. ಅಷ್ಟೇ ನೀರು ಜಿಗುಟಾದ ಎರೆಮಣ್ಣಿನಲ್ಲಿದ್ದರೆ ಪೈರು ಬಾಡುವ ಸ್ಥಿತಿಗೆ ಬಂದಿರುವುದು. ಅದಲ್ಲದೆ ಎರೆಯು ಒಣಗಿ ಬಿರುಕುಬಿಟ್ಟಾಗ ಸಾಧನದ ಸುತ್ತ ಗಾಳಿಯ ಸಂದು ಉಂಟಾಗಿ, ಮಣ್ಣಿನಲ್ಲಿ ಇನ್ನೂ ತೇವವಿದ್ದರೂ ಪೂರ್ತಿ ಒಣಗಿದಂತೆ ತೋರುವುದು. ಕುಂಡದಲ್ಲಿ ಈ ಬಿರುಕು ಕಾಣದು. ನಂಬತಕ್ಕ ಪರೀಕ್ಷೆಯು ಹಳೆಯದೇ ಆಗಿದೆ: ಹೊಲದ ಮಣ್ಣನ್ನು ತೂಗಿ, 105 ಡಿಗ್ರಿ ಸೆಂಟಿಗ್ರೇಡ್ ಉಷ್ಣದಲ್ಲಿ ಒಂದು ದಿನ ಒಣಗಿಸಿ, ಮತ್ತೆ ತೂಗಿ, ಸಾಧನವು ಹೇಳಿದ ಸಂಖ್ಯೆಯೊಡನೆ ಸರಿನೋಡುವುದು. ತಮ್ಮ ಹೊಲದ ಮಣ್ಣಿನಲ್ಲಿ ಇದನ್ನು ಮಾಡಿರುವರೇ ಎಂದು ಹುಡುಗರನ್ನು ಕೇಳಿದರೆ ಅವರ ಪ್ರಾಜೆಕ್ಟಿನ ಯೋಗ್ಯತೆಯು ಆ ಒಂದು ಪ್ರಶ್ನೆಯಿಂದಲೇ ಬಹುಮಟ್ಟಿಗೆ ತಿಳಿಯುವುದು.

ಪ್ರಾಜೆಕ್ಟಿನ ವರದಿಗಳಲ್ಲಿ ‘ರೈತನಿಗೆ ಕರೆಂಟು ಬಿಲ್ಲು ಉಳಿಯುವುದು’ ಎಂಬ ವಾಕ್ಯವು ಪದೇಪದೇ ಕಾಣಬರುವುದು. ನಮ್ಮ ರಾಜ್ಯದಲ್ಲಿ 10 ಹೆಚ್‌ಪಿಯವರೆಗಿನ ನೀರಾವರಿ ಪಂಪುಸೆಟ್ಟುಗಳಿಗೆ 2008ರಿಂದ ವಿದ್ಯುತ್ತನ್ನು ಉಚಿತವಾಗಿ ಕೊಡಲಾಗುತ್ತಿದೆ ಎಂಬುದು ಇದನ್ನು ಬರೆದವರಿಗೆ ತಿಳಿಯದೆ ಇರಲಾರದು. ಬೇರೆ ದೇಶದ ಲೇಖನವನ್ನು ನೋಡಿ ಬರೆದುದರ ಗುರುತಿದು. ನಮ್ಮ ಜಮೀನುದಾರನಿಗೆ ಉಳಿಯಬೇಕಾದುದು ಕೊಳವೆಬಾವಿಯ ನೀರು, ಮೋಟಾರು, ರಾತ್ರಿಯ ನಿದ್ದೆ.

ಈಗ ಮೇಲೆ ಸೂಚಿಸಿದ, ಊರಿನ ಯಜಮಾನರಿಂದಲೇ ಆಗತಕ್ಕ ಕಾರ್ಯಕ್ಕೆ ಬರೋಣ. ಪಂಪುಸೆಟ್ಟುಗಳಿಗೆ ತ್ರೀ ಫೇಸ್ ವಿದ್ಯುತ್ತು ಸರದಿಯ ಮೇಲೆ ದಿನಕ್ಕೆ ಕೆಲವು ಗಂಟೆಗಳು ಮಾತ್ರ ಬರುವುದಷ್ಟೆ. ಆದುದರಿಂದ ಅನೇಕರು ಕರೆಂಟು ಬಂದೊಡನೆ ತಾನಾಗಿ ನಡೆಯುವ ಆಟೋಸ್ಟಾರ್ಟರನ್ನು ಹಾಕಿಸಿಕೊಂಡಿರುವರು. ಒಂದು ಜಮೀನಿಗೆ ಇದು ಅನುಕೂಲವೇ ಸರಿ. ಆದರೆ ನಾವು ಟಿ.ಸಿ. ಎಂದು ಕರೆಯುವ ಒಂದೇ ಟ್ರಾನ್ಸ್‌ಫಾರ್ಮರಿನ ಮೇಲೆ ಹತ್ತು ಪಂಪುಗಳಿವೆಯೆಂದು ಇಟ್ಟುಕೊಳ್ಳೋಣ. 63 ಕೆವಿಎ ಟಿ.ಸಿ.ಯು ಐದು ಹೆಚ್‌ಪಿಯ ಹತ್ತು ಮೋಟಾರುಗಳನ್ನು ನಡೆಯುತ್ತಿರುವಾಗ ಕಷ್ಟದಿಂದಲಾದರೂ ಹೊರಬಲ್ಲುದು. ಏಕೆಂದರೆ ಅವೆಲ್ಲವೂ ಸೇರಿ ಸುಮಾರು 54 ಕೆವಿಎ ಆಗುವುದು. ಹತ್ತೂ ಒಂದೇ ಕ್ಷಣದಲ್ಲಿ ಸ್ಟಾರ್ಟ್ ಆದರೆ ಅವುಗಳ ಬೇಡಿಕೆಯು ಆ ಕ್ಷಣಕ್ಕೆ 300 ಕೆವಿಎಗೂ ಮೀರುವುದು. ಆಗ ವೋಲ್ಟೇಜು ಕುಸಿಯುವುದು. ವೋಲ್ಟೇಜು ಸಾಲದೆ ಮೋಟಾರುಗಳು ತಿರುಗಲಾರದೆ ಗುಯ್‌ಗುಟ್ಟುತ್ತ ಕಾಯುವುವು. ಕಾದಷ್ಟೂ ಹೆಚ್ಚಾಗಿ ವಿದ್ಯುತ್ತನ್ನು ಎಳೆಯುತ್ತಲೇ ಇರುವುವು. ಫ್ಯೂಸು ಹೋದರೆ ಪುಣ್ಯ. ಫ್ಯೂಸಿಗೆ ಬದಲಾಗಿ ದಪ್ಪ ತಂತಿಯನ್ನು ಸುತ್ತಿದ್ದರೆ ಟಿ.ಸಿ.ಯೇ ಸುಟ್ಟುಹೋಗಿ, ಬೇರೊಂದು ಬರುವವರೆಗೆ ಹತ್ತು ಮನೆಯ ಪೈರೂ ಒಣಗುವುದು.

ಇದರ ಪರಿಹಾರವು ಹುಡುಗರ ಕೈಗೆ ಎಟಕುವ ಅತಿ ಸುಲಭವಾದ ವಿದ್ಯೆ. ಒಂದೊಂದು ಸಾಧನಕ್ಕೂ ಬೇರೆಬೇರೆ ವಿಳಂಬವನ್ನು ಕೊಟ್ಟು, ಕರೆಂಟು ಬಂದ ಮೇಲೆ ಮೊದಲನೆಯ ಪಂಪು 30 ಸೆಕೆಂಡಿಗೆ, ಎರಡನೆಯದು 60ಕ್ಕೆ, ಮೂರನೆಯದು 90ಕ್ಕೆ ನಡೆಯುವಂತೆ ಮಾಡಿದರೆ ಹತ್ತನೆಯದೂ ಐದು ನಿಮಿಷದೊಳಗೆ ನಡೆಯುವುದು. ವೋಲ್ಟೇಜು ತಕ್ಕಷ್ಟು ಇಲ್ಲದಿದ್ದರೆ ಇನ್ನೂ ಕಾಯುವಂತೆಯೂ ಮಾಡಬಹುದು. ಆದರೆ ಯಾವ ಟಿ.ಸಿ.ಯ ಮೇಲೆ ಯಾರ ಯಾರ ಪಂಪುಗಳಿವೆ, ಯಾರದು ಐದು ಹೆಚ್‌ಪಿ, ಯಾರದು ಏಳೂವರೆ, ಸಾಲಿನ ಕೊನೆಯ ಪಂಪಿನಲ್ಲಿ ಸಂಜೆಯ ವೋಲ್ಟೇಜು ಎಷ್ಟು, ಎಂಬುದು ಕಾಲೇಜಿನ ಯಾವ ಪುಸ್ತಕದಲ್ಲಿಯೂ ಇಲ್ಲ. ಹತ್ತು ಮಂದಿಯನ್ನು ಒಂದು ಜಗುಲಿಯ ಮೇಲೆ ಕೂರಿಸಿ, ನಿನ್ನದು ಮೊದಲು, ಇವನದು ಆಮೇಲೆ ಎಂದು ಒಪ್ಪಿಸುವುದು ಇಪ್ಪತ್ತೊಂದು ವಯಸ್ಸಿನ ಹುಡುಗರಿಂದ ಆಗುವ ಕೆಲಸವಲ್ಲ. ದಾಯಾದಿಗಳಿಬ್ಬರ ಪಂಪು ಒಂದೇ ಟಿ.ಸಿ.ಯ ಮೇಲಿದ್ದರಂತೂ ಯಜಮಾನರಿಗೇ ಇದು ಸುಲಭವಲ್ಲ. ಸರದಿಯನ್ನು ತಿಂಗಳಿಗೊಮ್ಮೆ ತಿರುಗಿಸುವ ಏರ್ಪಾಡು ಮಾಡಿದರೆ ಜಗಳಕ್ಕೆ ಅವಕಾಶ ಕಡಮೆ.

ಆದುದರಿಂದ ತಮ್ಮ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ವಿಭಾಗದ ಮುಖ್ಯಸ್ಥರಿಗೆ ಒಂದು ಪತ್ರವನ್ನು ಬರೆದು, ಒಂದು ಟಿ.ಸಿ.ಯ ಪಂಪುಗಳ ಪಟ್ಟಿಯನ್ನು ಅದರೊಡನೆ ಕಳುಹಿಸಿ, ಇದನ್ನು ಪ್ರಾಜೆಕ್ಟಾಗಿ ತೆಗೆದುಕೊಳ್ಳುವಿರಾ ಎಂದು ಕೇಳುವುದು ಯುಕ್ತ. ಕಡೆಯ ವರ್ಷದ ಪಾಠಗಳು ಆರಂಭವಾಗುವುದಕ್ಕೆ ಮುಂಚೆಯೇ ಬರೆಯಬೇಕು. ವಿಷಯವು ನಿಶ್ಚಯವಾದ ಮೇಲೆ ಬರೆದರೆ ಪ್ರಯೋಜನವಿಲ್ಲ. ವಿದ್ಯುತ್ ಕಂಪನಿಯ ಸೆಕ್ಷನ್ ಅಧಿಕಾರಿಗೂ ಮೊದಲೇ ತಿಳಿಸತಕ್ಕದ್ದು. ಕಂಬವನ್ನಾಗಲಿ ಟಿ.ಸಿ.ಯನ್ನಾಗಲಿ ಹುಡುಗರು ಮುಟ್ಟಕೂಡದು. ಅವರ ಕೆಲಸವೆಲ್ಲ ಸ್ಟಾರ್ಟರಿನ ಪೆಟ್ಟಿಗೆಯಿಂದ ಈಚೆಗೆ. ಮೊದಲ ಹಂಗಾಮಿನಲ್ಲಿ ಎರಡು ಪಂಪುಗಳಿಗೆ ಮಾತ್ರ ಜೋಡಿಸಿ ನೋಡಿದರೆ ಸಾಕು.

ಸಾಧನವು ಊರಿನಲ್ಲಿ ಉಳಿಯುವುದೋ ಕಾಲೇಜಿಗೆ ಹಿಂತಿರುಗುವುದೋ ಎಂಬುದನ್ನು ಆರಂಭದಲ್ಲಿಯೇ ಬರೆದುಕೊಳ್ಳಬೇಕು. ಉಳಿಯುವುದಾದರೆ, ಕೆಟ್ಟಾಗ ಸಾಧನವನ್ನು ತಪ್ಪಿಸಿ ಹಳೆಯ ಕ್ರಮದಂತೆ ಕೈಯಿಂದ ಸ್ಟಾರ್ಟ್ ಮಾಡಲು ಒಂದು ತಿರುಗುಸ್ವಿಚ್ಚು ಇರಲಿ. ಪೆಟ್ಟಿಗೆಯ ಸಂದುಗಳನ್ನು ಭದ್ರವಾಗಿ ಮುಚ್ಚಿಸಬೇಕು; ಹಲ್ಲಿಯೂ ಇರುವೆಯೂ ಒಳಹೊಕ್ಕು ಸತ್ತು ಸಾಧನವನ್ನು ಕೆಡಿಸುವುದು ಸಾಮಾನ್ಯ. ಹುಡುಗರು ಊರು ಬಿಡುವುದಕ್ಕೆ ಮುಂಚೆ, ತಾಲ್ಲೂಕಿನಲ್ಲಿ ಮೋಟಾರು ರಿಪೇರಿ ಮಾಡುವ ಒಬ್ಬ ಮೇಸ್ತ್ರಿಯನ್ನು ಕರೆಯಿಸಿ, ಅವರ ಎದುರಿಗೆ ಅವನು ಸಾಧನವನ್ನು ಒಮ್ಮೆ ಬಿಚ್ಚಿ ಜೋಡಿಸಿ ನಡೆಸುವಂತೆ ಮಾಡಿಸುವುದು ಒಳ್ಳೆಯದು. ತಂತಿಗಳ ನಕ್ಷೆಯನ್ನೂ, ಬದಲಾಯಿಸಬೇಕಾದ ಭಾಗಗಳ ಹೆಸರು ಮತ್ತು ಬೆಲೆಯನ್ನೂ ಕನ್ನಡದಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳದ ಒಳಮಗ್ಗುಲಿಗೆ ಅಂಟಿಸತಕ್ಕದ್ದು.